ವಿಂಡೋಸ್ ಮತ್ತೆ ಹಾಕುವಾಗ ಡ್ರೈವರ್ ಕೈಕೊಟ್ಟರೆ

ಕಂಪ್ಯೂಟರ್ ತೀರಾ ನಿಧಾನವಾಗಿದೆ, ಇಲ್ಲವೇ ವೈರಸ್ ಹೊಕ್ಕಿದೆ, ಇಲ್ಲವೇ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ದೀರಿ. ವಿಂಡೋಸ್ ಮತ್ತೆ ಹಾಕಲೇಬೇಕು. ಪೆನ್‌ಡ್ರೈವ್ ಸಿದ್ಧಮಾಡಿ ಸಿಕ್ಕಿಸುತ್ತೀರಿ. ವಿಂಡೋಸ್ ಲಾಂಛನ ಬರುತ್ತದೆ, ಭಾಷೆ ಯಾವುದೆಂದು ಕೇಳುತ್ತದೆ, ‘ಇನ್‌ಸ್ಟಾಲ್ ನೌ’ ಒತ್ತುತ್ತೀರಿ. ಆಗ ಒಂದು ಸಂದೇಶ ಎದುರಾಗುತ್ತದೆ: ನಿಮ್ಮ ಕಂಪ್ಯೂಟರ್‌ಗೆ ಬೇಕಾದ ಮೀಡಿಯಾ ಡ್ರೈವರ್ ಇಲ್ಲ, ಅದು ಡಿವಿಡಿಯದ್ದೋ ಯುಎಸ್‌ಬಿಯದ್ದೋ ಹಾರ್ಡ್ ಡಿಸ್ಕ್‌ನದ್ದೋ ಇರಬಹುದು, ನಿಮ್ಮಲ್ಲಿದ್ದರೆ ಕೊಡಿ. ಯಾವ ಡ್ರೈವರ್, ಎಲ್ಲಿ ಸಿಗುತ್ತದೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ಇದರಲ್ಲೊಂದು ವಿಚಿತ್ರವಿದೆ. ಇಷ್ಟು ಹೊತ್ತು ಆ ಪೆನ್‌ಡ್ರೈವ್‌ನಿಂದಲೇ ಎದ್ದುಬಂದ ಇನ್‌ಸ್ಟಾಲರ್, ಈಗ ಅದೇ ಪೆನ್‌ಡ್ರೈವ್ ತನಗೆ ಕಾಣುತ್ತಿಲ್ಲ ಎನ್ನುತ್ತಿದೆ! ಇದು ಹೇಗಾಗುತ್ತದೆ ಎಂಬುದು ತಿಳಿದರೆ ಯಾವ ತೊಂದರೆಗೆ ಎಲ್ಲಿ ಕೈಹಾಕಬೇಕೆಂಬುದೂ ತಿಳಿಯುತ್ತದೆ.

ಪೆನ್‌ಡ್ರೈವ್ ಓದುವವರು ಇಬ್ಬರು

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಪೆನ್‌ಡ್ರೈವನ್ನು ಓದುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡ್‌ನ ಚಿಪ್‌ನಲ್ಲಿರುವ ಬಯೋಸ್. ಈಚಿನ ಯಂತ್ರಗಳಲ್ಲಿ ಅದರ ಜಾಗದಲ್ಲಿ ಯುಇಎಫ್‌ಐ ಇರುತ್ತದೆ, ಆದರೂ ಬಾಯಿಮಾತಿನಲ್ಲಿ ಎಲ್ಲರೂ ಬಯೋಸ್ ಎಂದೇ ಅನ್ನುತ್ತಾರೆ. ಅದು ಪೆನ್‌ಡ್ರೈವ್‌ನಲ್ಲಿರುವ ಒಂದು ಪುಟ್ಟ ವಿಂಡೋಸನ್ನು ಎತ್ತಿ ರ‍್ಯಾಮ್‌ಗೆ ತುಂಬುತ್ತದೆ. ಈ ಪುಟ್ಟ ವಿಂಡೋಸ್‌ಗೆ ವಿಂಡೋಸ್ ಪಿಇ ಎಂದು ಹೆಸರು. ಅದು ಓಡತೊಡಗಿದ ಮೇಲೆ ಬಯೋಸ್ ಹಿಂದೆ ಸರಿಯುತ್ತದೆ.

ಅಲ್ಲಿಂದ ಮುಂದೆ ಎಲ್ಲವೂ ಈ ಪುಟ್ಟ ವಿಂಡೋಸ್‌ನದೇ ಹೊಣೆ. ನಿಮ್ಮ ಯಂತ್ರಕ್ಕೆ ಹೋಗಬೇಕಾದ ಅಸಲಿ ವಿಂಡೋಸ್ ಹಲವು ಜಿಬಿ ತೂಕದ ಇನ್ನೊಂದು ಫೈಲಿನಲ್ಲಿ, ಇನ್ನೂ ಪೆನ್‌ಡ್ರೈವ್‌ನಲ್ಲೇ ಕೂತಿದೆ. ಅದನ್ನು ತರಲು ಯುಎಸ್‌ಬಿ ಪೋರ್ಟ್ ಕಾಣಬೇಕು, ತಂದದ್ದನ್ನು ಇಳಿಸಲು ಎಸ್‌ಎಸ್‌ಡಿ ಕಾಣಬೇಕು. ಎರಡಕ್ಕೂ ಅದು ತನ್ನೊಳಗಿನ ಡ್ರೈವರ್‌ಗಳನ್ನೇ, ಅಂದರೆ ಯಂತ್ರದ ಒಂದೊಂದು ಭಾಗದೊಡನೆ ಮಾತಾಡುವ ಪುಟ್ಟ ತಂತ್ರಾಂಶಗಳನ್ನೇ, ನಂಬಬೇಕು. ಆ ಇನ್‌ಸ್ಟಾಲರ್ ತಯಾರಾದ ಹೊತ್ತಿಗೆ ನಿಮ್ಮ ಯಂತ್ರದ ಭಾಗ ಮಾರುಕಟ್ಟೆಗೇ ಬಂದಿರದಿದ್ದರೆ ಅದರ ಡ್ರೈವರ್ ಇನ್‌ಸ್ಟಾಲರ್‌ನಲ್ಲಿರುವುದಾದರೂ ಹೇಗೆ?

ಈ ಸಮಸ್ಯೆ ಹೊಸದಲ್ಲ. 2001ರ ವಿಂಡೋಸ್ ಎಕ್ಸ್‌ಪಿಗೆ ಆಮೇಲೆ ಬಂದ ಸಾಟಾ ಡಿಸ್ಕ್‌ಗಳ ಎಎಚ್‌ಸಿಐ ವ್ಯವಸ್ಥೆ ಗೊತ್ತಿರಲಿಲ್ಲ. ಎಫ್6 ಒತ್ತಿ ಫ್ಲಾಪಿಯಲ್ಲಿ ಡ್ರೈವರ್ ಕೊಡದಿದ್ದರೆ ನೀಲಿ ಪರದೆ ಬಂದು ನಿಲ್ಲುತ್ತಿತ್ತು. 2009ರ ವಿಂಡೋಸ್ 7ಕ್ಕೆ ಯುಎಸ್‌ಬಿ 3.0 ತಿಳಿಯದು, ಅದು 2012ರ ವಿಂಡೋಸ್ 8ರಲ್ಲಿ ಸೇರಿತು. 2020ರಲ್ಲಿ ಬಂದ ಇಂಟೆಲ್ 11ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯೇ ಕಾಣೆಯಾಗತೊಡಗಿತು. ಪ್ರತಿ ಸಲವೂ ಕಾರಣ ಒಂದೇ: ಇನ್‌ಸ್ಟಾಲರ್‌ಗಿಂತ ಯಂತ್ರ ಹೊಸದು.

ಅಳಿಸುವ ಮೊದಲು ಮಾಡಬೇಕಾದ್ದು

ಮರುಸ್ಥಾಪನೆಯಲ್ಲಿ ಕೈಸುಟ್ಟುಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಪೆನ್‌ಡ್ರೈವ್ ಸಿಕ್ಕಿಸುವುದಕ್ಕೂ ಮುಂಚೆಯೇ. ಹಳೆಯ ವಿಂಡೋಸ್ ಇನ್ನೂ ತೆರೆದುಕೊಳ್ಳುತ್ತಿದ್ದರೆ ಈ ಕೆಲಸಗಳನ್ನು ಮುಗಿಸಿಕೊಳ್ಳಿ.

1. ಇರುವ ಡ್ರೈವರ್‌ಗಳನ್ನು ನಕಲು ಮಾಡಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಂ32, ಅದರೊಳಗೆ ಡ್ರೈವರ್‌ಸ್ಟೋರ್, ಅದರೊಳಗೆ ಫೈಲ್‌ರೆಪಾಸಿಟರಿ. ನಿಮ್ಮ ಯಂತ್ರದಲ್ಲಿ ಈಗ ಕೆಲಸ ಮಾಡುತ್ತಿರುವ ಡ್ರೈವರ್‌ಗಳು ಅಲ್ಲಿವೆ. ಆ ಇಡೀ ಫೋಲ್ಡರನ್ನು ಬೇರೊಂದು ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ. ಕೆಲವು ಜಿಬಿ ಆಗಬಹುದು, ಆದರೆ ಮುಂದೆ ಇಂಟರ್‌ನೆಟ್ಟೇ ಇಲ್ಲದಾಗ ಆಸರೆಯಾಗುವುದು ಇದೇ.

2. ವೈ-ಫೈ ಮತ್ತು ಸ್ಟೋರೇಜ್ ಡ್ರೈವರ್ ಡೌನ್‌ಲೋಡ್ ಮಾಡಿ. ಲ್ಯಾಪ್‌ಟಾಪ್‌ನ ಅಡಿಯಲ್ಲಿರುವ ಸೀರಿಯಲ್ ನಂಬರ್ ಅಥವಾ ಸರ್ವಿಸ್ ಟ್ಯಾಗನ್ನು ತಯಾರಕರ ಸಪೋರ್ಟ್ ತಾಣದಲ್ಲಿ ಹಾಕಿದರೆ ನಿಮ್ಮ ಮಾಡೆಲ್‌ಗೆ ಸೇರಿದ ಪಟ್ಟಿ ಬರುತ್ತದೆ. ಉಳಿದವು ಆಮೇಲೂ ಬಂದಾವು, ಈ ಎರಡು ಮಾತ್ರ ಮೊದಲೇ ಕೈಯಲ್ಲಿರಲಿ.

3. ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಿ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಬಿಟ್‌ಲಾಕರ್‌ನಿಂದ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದುಂಟು. ಬಯೋಸ್‌ನಲ್ಲಿ ಏನಾದರೂ ಬದಲಿಸಿದರೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿದೆಯೇ ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ.

4. ವಿಂಡೋಸ್‌ನ ಆವೃತ್ತಿ ಗುರುತಿಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದಲ್ಲಿ ಅದು ಕಾಣುತ್ತದೆ. ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿರುವುದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’. ಅದರ ಜಾಗಕ್ಕೆ ‘ಪ್ರೊ’ ಹಾಕಿದರೆ ಆ್ಯಕ್ಟಿವೇಟ್ ಆಗುವುದಿಲ್ಲ.

5. ಕಚೇರಿ ಕೆಲಸದ ಸಾಮಗ್ರಿ. ಟ್ಯಾಲಿ ಬಳಸುವವರು ಫಾರ್ಮ್ಯಾಟ್‌ಗೆ ಮುಂಚೆ ಲೈಸೆನ್ಸ್ ಸರೆಂಡರ್ ಮಾಡಬೇಕು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಆಧಾರ್ ಬೆರಳಚ್ಚು ಯಂತ್ರ, ಪ್ರಿಂಟರ್ ಇವುಗಳ ಇನ್‌ಸ್ಟಾಲರ್‌ಗಳನ್ನು ಒಂದು ಕಡೆ ಸೇರಿಸಿಕೊಳ್ಳಿ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಮಾಡಿದ ಕಡತಗಳಿದ್ದರೆ ಆ ಫಾಂಟ್‌ಗಳನ್ನೂ ತೆಗೆದಿಡಿ. ಯುನಿಕೋಡ್ ಅಲ್ಲದ ಆ ಕಡತಗಳು ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ.

ವಿಂಡೋಸ್ ತೆರೆದುಕೊಳ್ಳುವುದೇ ಇಲ್ಲವೆಂದಾದರೆ ಉಬುಂಟು ಮುಂತಾದ ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ, ಇನ್‌ಸ್ಟಾಲ್ ಮಾಡದೆ, ಓಡಿಸಬಹುದು. ಡಿಸ್ಕ್ ಕೆಟ್ಟಿರದಿದ್ದರೆ ಮತ್ತು ಎನ್‌ಕ್ರಿಪ್ಟ್ ಆಗಿರದಿದ್ದರೆ ಫೋಟೊ, ದಾಖಲೆಗಳ ಜೊತೆಗೆ ಮೇಲೆ ಹೇಳಿದ ಡ್ರೈವರ್ ಫೋಲ್ಡರನ್ನೂ ಅಲ್ಲಿಂದ ಕಾಪಿ ಮಾಡಿಕೊಳ್ಳಬಹುದು.

ಇನ್ನೊಂದು ಮಾತು. ವಿಂಡೋಸ್ ತೆರೆದುಕೊಳ್ಳುತ್ತಿದ್ದು ನಿಧಾನವೊಂದೇ ದೂರಾಗಿದ್ದರೆ, ಸೆಟ್ಟಿಂಗ್ಸ್‌ನಲ್ಲಿರುವ ‘ರೀಸೆಟ್ ದಿಸ್ ಪಿಸಿ’ಯನ್ನು ಮೊದಲು ಯತ್ನಿಸಿ. ಯಂತ್ರದಲ್ಲಿರುವ ಡ್ರೈವರ್‌ಗಳನ್ನು ಅದು ಸಾಮಾನ್ಯವಾಗಿ ಉಳಿಸಿಕೊಳ್ಳುವುದರಿಂದ ಮುಂದೆ ಹೇಳುವ ಬಹುಪಾಲು ತಾಪತ್ರಯ ಬಾರದು.

ಪೆನ್‌ಡ್ರೈವ್ ತಯಾರಿ

ಮೇಜಿನ ಡ್ರಾಯರ್‌ನಲ್ಲಿರುವ ಹಳೆಯ ಡಿವಿಡಿ, ಗೆಳೆಯರು ಕೊಟ್ಟ ಐಎಸ್‌ಒ ಫೈಲ್ (ಇಡೀ ಡಿಸ್ಕ್‌ನ ಪ್ರತಿರೂಪ), ಅಂಗಡಿಯಲ್ಲಿ ಸಿಗುವ ‘ಆಲ್ ಇನ್ ಒನ್’ ಪ್ರತಿ ಇವೆಲ್ಲ ಬೇಡ. ಅವು ಹಳೆಯವಾಗಿರುವುದರ ಜೊತೆಗೆ ಒಳಗೆ ಯಾರು ಏನು ಸೇರಿಸಿದ್ದಾರೆ ಎಂಬುದು ತಿಳಿಯದು. ಮೈಕ್ರೋಸಾಫ್ಟ್‌ನ ತಾಣದಲ್ಲಿ ‘ಮೀಡಿಯಾ ಕ್ರಿಯೇಶನ್ ಟೂಲ್’ ಉಚಿತವಾಗಿ ಸಿಗುತ್ತದೆ. ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಕೊಟ್ಟರೆ ಇಳಿಸಿಕೊಳ್ಳುವುದರಿಂದ ಹಿಡಿದು ಬೂಟ್ ಆಗುವಂತೆ ಮಾಡುವವರೆಗೆ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಐಎಸ್‌ಒ ಫೈಲನ್ನೇ ಇಳಿಸಿಕೊಂಡು ಬಳಸುವುದಾದರೆ ಎರಡು ಎಚ್ಚರಿಕೆಗಳಿವೆ.

- ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ-ಪೇಸ್ಟ್ ಮಾಡಿದರೆ ಅದು ಬೂಟ್ ಆಗದು. ರೂಫಸ್‌ನಂಥ ಉಚಿತ ತಂತ್ರಾಂಶದಿಂದ ಬರೆಯಬೇಕು. ಅದನ್ನು ಬಿಚ್ಚಿ ಕೈಯಿಂದ ಕಾಪಿ ಮಾಡಹೊರಟರೂ ತೊಡಕಿದೆ: ಯುಇಎಫ್‌ಐ ಓದಬಲ್ಲ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದೊಂದು ಫೈಲ್ 4 ಜಿಬಿ ಮೀರುವಂತಿಲ್ಲ. ಅಸಲಿ ವಿಂಡೋಸ್ ಇರುವ ಫೈಲ್ ಎಷ್ಟೋ ಸಲ ಅದನ್ನು ಮೀರಿರುತ್ತದೆ.
- ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಎಸ್‌ಎಚ್‌ಎ-256 ಸಂಖ್ಯೆಯೊಂದಿಗೆ ನಿಮ್ಮ ಫೈಲಿನ ಸಂಖ್ಯೆ ತಾಳೆಯಾಗುತ್ತದೆಯೇ ನೋಡಿ. ನಡುವೆ ನೆಟ್ ಕಡಿದು ಅರೆಬರೆ ಇಳಿದ ಫೈಲ್ ‘ಡ್ರೈವರ್ ಇಲ್ಲ’ ಎಂಬ ದೂರಿಗೆ ಒಂದು ದೊಡ್ಡ ಕಾರಣ.

ಡಿವಿಡಿಯೇ ಬೇಕೆನ್ನುವವರಿಗೆ: ಸಾಧಾರಣ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ. ವಿಂಡೋಸ್ 11 ಅದರಲ್ಲಿ ಕೂರುವುದಿಲ್ಲ, 8.5 ಜಿಬಿಯ ಡ್ಯುಯಲ್ ಲೇಯರ್ ಡಿಸ್ಕ್ ಬೇಕು. ಬರೆಯುವಾಗ ‘ಇಮೇಜ್ ಬರ್ನ್’ ಆಯ್ಕೆ ಮಾಡಿ, ವೇಗ ಕಡಿಮೆ ಇಡಿ, ಬರೆದ ಮೇಲೆ ‘ವೆರಿಫೈ’ ಮಾಡಿಸಿ. ಹಳೆಯ ಡಿಸ್ಕ್ ಒರೆಸುವುದಾದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿಕ್ಕಬಾರದು.

ಹಂತ 1: ಪೆನ್‌ಡ್ರೈವ್‌ನಿಂದ ಏಳುವುದೇ ಇಲ್ಲ

ಕಂಪ್ಯೂಟರ್ ಪೆನ್‌ಡ್ರೈವನ್ನು ಲೆಕ್ಕಿಸದೆ ಹಳೆಯ ವಿಂಡೋಸ್‌ಗೇ ಹೋದರೆ, ಇಲ್ಲವೇ ಕಪ್ಪು ಪರದೆಯಲ್ಲಿ ನಿಂತರೆ ತೊಂದರೆ ಬಯೋಸ್ ಮಟ್ಟದಲ್ಲಿದೆ. ಇಲ್ಲಿ ವಿಂಡೋಸ್ ಡ್ರೈವರ್ ಹುಡುಕುತ್ತ ಕೂರುವುದು ದಂಡ.

1. ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಯನ್ನು ಬಿಟ್ಟುಬಿಟ್ಟು ಒತ್ತಿ. ಸಾಮಾನ್ಯವಾಗಿ ಡೆಲ್, ಲೆನೊವೊ, ಏಸರ್‌ಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಕೆಲವೊಮ್ಮೆ ಬಯೋಸ್ ಒಳಗೆ ಹೋಗಿ ಎಫ್12 ಮೆನುವನ್ನು ಮೊದಲು ಚಾಲೂ ಮಾಡಬೇಕಾಗುತ್ತದೆ.
2. ಕೀ ಹಿಡಿಯಲು ಸಮಯವೇ ಸಿಗದಿದ್ದರೆ, ವಿಂಡೋಸ್‌ನಲ್ಲಿ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಬರುವ ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಆರಿಸಿ.
3. ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು, ಒಂದರ ಹಿಂದೆ ಯುಇಎಫ್‌ಐ ಎಂದಿರುತ್ತದೆ. ಕಳೆದ ಹತ್ತು ವರ್ಷಗಳೊಳಗಿನ ಯಂತ್ರವಾದರೆ ಅದನ್ನೇ ಆರಿಸಿ.
4. ಡಿವಿಡಿಯಾದರೆ ‘ಯಾವುದಾದರೂ ಕೀ ಒತ್ತಿ’ ಎಂಬ ಸಾಲು ಕೆಲವೇ ಕ್ಷಣ ಇರುತ್ತದೆ. ಆಗಲೇ ಒತ್ತಬೇಕು.
5. ಹಬ್ ಮೂಲಕ ಸಿಕ್ಕಿಸಿದ್ದರೆ ತೆಗೆದು ನೇರವಾಗಿ ಸಿಕ್ಕಿಸಿ. ಡೆಸ್ಕ್‌ಟಾಪ್ ಆದರೆ ಮುಂಭಾಗದ ಪೋರ್ಟ್ ಬಿಟ್ಟು ಹಿಂಭಾಗದ್ದಕ್ಕೆ ಹಾಕಿ.

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಗಡಿಯಾರವನ್ನೂ ನೋಡಿ. ಪ್ರತಿ ಸಲ ಆನ್ ಮಾಡಿದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಮುಗಿದಿದೆ. ಅದರೊಂದಿಗೆ ಬಯೋಸ್‌ನ ಸೆಟ್ಟಿಂಗ್‌ಗಳೂ ಮೊದಲಿನ ಸ್ಥಿತಿಗೆ ಮರಳಿರುತ್ತವೆ. ಡಿಸ್ಕ್‌ನ ಸಾಟಾ ಮೋಡ್ ಹೀಗೆ ಬದಲಾದರೆ ಸರಿಯಾಗಿದ್ದ ವಿಂಡೋಸ್ ಕೂಡ ನೀಲಿ ಪರದೆ ತೋರಿಸುತ್ತದೆ. ಬ್ಯಾಟರಿ ಬದಲಿಸಿ, ಮೋಡನ್ನು ಮೊದಲಿದ್ದಂತೆ ಇಟ್ಟರೆ ಮರುಸ್ಥಾಪನೆಯೇ ಬೇಕಾಗದಿರಬಹುದು.

ಹಂತ 2: ‘ಮೀಡಿಯಾ ಡ್ರೈವರ್ ಇಲ್ಲ’

ಇನ್‌ಸ್ಟಾಲರ್ ಎದ್ದಿದೆ, ಆದರೆ ತನ್ನದೇ ಪೆನ್‌ಡ್ರೈವ್ ಅದಕ್ಕೆ ಕಾಣುತ್ತಿಲ್ಲ. ಸಂದೇಶ ಡ್ರೈವರ್ ಕೇಳಿದರೂ ನಿಜವಾದ ಕಾರಣ ಎಷ್ಟೋ ಸಲ ಬೇರೆಯೇ ಇರುತ್ತದೆ. ಸುಲಭವಾದದ್ದರಿಂದ ಶುರುಮಾಡಿ.

1. ‘ಕ್ಯಾನ್ಸಲ್’ ಒತ್ತಿ ಮೊದಲ ಪರದೆಗೆ ಬನ್ನಿ. ಕಂಪ್ಯೂಟರ್ ಆಫ್ ಮಾಡದೆ ಪೆನ್‌ಡ್ರೈವ್ ಕಿತ್ತು ಬೇರೆ ಪೋರ್ಟ್‌ಗೆ ಹಾಕಿ, ‘ಇನ್‌ಸ್ಟಾಲ್ ನೌ’ ಒತ್ತಿ. ಪುಟ್ಟ ವಿಂಡೋಸ್ ಆಗಲೇ ರ‍್ಯಾಮ್‌ನಲ್ಲಿರುವುದರಿಂದ ಕಿತ್ತರೂ ಅದು ನಿಲ್ಲುವುದಿಲ್ಲ.
2. ಯುಎಸ್‌ಬಿ 2.0 ಪೋರ್ಟ್ ಇದ್ದರೆ ಅದಕ್ಕೇ ಹಾಕಿ. ಯುಎಸ್‌ಬಿ 3 ಪೋರ್ಟ್‌ನ ಒಳಭಾಗ ಸಾಮಾನ್ಯವಾಗಿ ನೀಲಿ ಬಣ್ಣದ್ದು, 2.0ರದ್ದು ಕಪ್ಪು ಅಥವಾ ಬಿಳಿ.
3. ಆಗಲೂ ಆಗದಿದ್ದರೆ ಐಎಸ್‌ಒ ಮತ್ತೆ ಇಳಿಸಿ, ಬೇರೆ ಪೆನ್‌ಡ್ರೈವ್‌ಗೆ ಬರೆಯಿರಿ. ಅಗ್ಗದ ನಕಲಿ ಪೆನ್‌ಡ್ರೈವ್‌ಗಳು ಹೊರಗೆ 64 ಜಿಬಿ ಎಂದು ತೋರಿಸಿ ಒಳಗೆ ಅದಕ್ಕಿಂತ ತುಂಬ ಕಡಿಮೆ ಹಿಡಿಯುತ್ತವೆ. ಬರೆಯುವಾಗ ದೂರು ಹೇಳುವುದಿಲ್ಲ, ಓದುವಾಗ ಕೈಕೊಡುತ್ತವೆ.
4. ಡಿವಿಡಿಯಿಂದ ಹಾಕುವಾಗ ಇದೇ ಸಂದೇಶ ಬಂದರೆ ಡಿಸ್ಕ್ ಗೀಚಿದೆಯೇ, ಡ್ರೈವ್‌ನ ಲೆನ್ಸ್ ಸೋತಿದೆಯೇ ನೋಡಿ. ಡಿವಿಡಿ ಬಿಟ್ಟು ಪೆನ್‌ಡ್ರೈವ್‌ಗೆ ಬರುವುದೇ ಹೆಚ್ಚಿನ ಸಲ ಪರಿಹಾರ.

ಹಂತ 3: ಎಸ್‌ಎಸ್‌ಡಿ ಕಾಣದು, ಕಂಡರೂ ಒಪ್ಪದು

‘ವಿಂಡೋಸ್ ಎಲ್ಲಿ ಹಾಕಬೇಕು’ ಎಂದು ಕೇಳುವ ಪರದೆ ಖಾಲಿ ಇದೆಯೇ? ಮೊದಲು ಬಯೋಸ್ ಒಳಗೆ ಹೋಗಿ ನೋಡಿ. ಅಲ್ಲೂ ಡಿಸ್ಕ್ ಕಾಣದಿದ್ದರೆ ಅದು ಡ್ರೈವರ್‌ನ ಕೊರತೆಯಲ್ಲ. ಡಿಸ್ಕ್ ಕೆಟ್ಟಿರಬೇಕು, ಇಲ್ಲವೇ ಸರಿಯಾಗಿ ಕೂತಿಲ್ಲ. ಬಯೋಸ್‌ನಲ್ಲಿ ಕಂಡು ಇನ್‌ಸ್ಟಾಲರ್‌ಗೆ ಕಾಣದಿದ್ದರೆ ಸ್ಟೋರೇಜ್ ಡ್ರೈವರ್ ಬೇಕು.

ಇಂಟೆಲ್ 11ನೇ ತಲೆಮಾರು ಮತ್ತು ಅದರಾಚೆಯ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ಮಾಮೂಲಿ ಕಾರಣ ವಿಎಂಡಿ. ಈ ವ್ಯವಸ್ಥೆ ಎಸ್‌ಎಸ್‌ಡಿಗಳನ್ನು ಇಂಟೆಲ್‌ನ ಒಂದು ನಿಯಂತ್ರಕದ ಹಿಂದೆ ಇರಿಸುತ್ತದೆ. ಆ ನಿಯಂತ್ರಕದ ಡ್ರೈವರ್ ಇಲ್ಲದವರಿಗೆ ಹಿಂದಿರುವ ಎಸ್‌ಎಸ್‌ಡಿಯೂ ಕಾಣದು. ದಾರಿ ಎರಡು.

ಮೊದಲನೆಯದು, ಡ್ರೈವರ್ ಕೊಡುವುದು. ತಯಾರಕರ ತಾಣದಿಂದ ‘ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ’ ಡ್ರೈವರ್ ಇಳಿಸಿಕೊಳ್ಳಿ. ಅದು ಇಎಕ್ಸ್‌ಇ ಫೈಲಾಗಿ ಬಂದಿದ್ದರೆ ಹಾಗೆಯೇ ಕೊಟ್ಟು ಉಪಯೋಗವಿಲ್ಲ. ಇನ್‌ಸ್ಟಾಲರ್ ಹುಡುಕುವುದು ಐಎನ್‌ಎಫ್, ಎಸ್‌ವೈಎಸ್, ಸಿಎಟಿ ಎಂಬ ಬಾಲವಿರುವ ಬಿಡಿ ಫೈಲುಗಳನ್ನು. ಬೇರೊಂದು ಕಂಪ್ಯೂಟರ್‌ನಲ್ಲಿ ಆ ಇಎಕ್ಸ್‌ಇಯನ್ನು ಬಿಚ್ಚಿ (ಹಲವನ್ನು 7-ಜಿಪ್ ಬಿಚ್ಚುತ್ತದೆ) ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ. ಡಿಸ್ಕ್ ಆಯ್ಕೆಯ ಪರದೆಯಲ್ಲಿ ‘ಲೋಡ್ ಡ್ರೈವರ್’, ‘ಬ್ರೌಸ್’ ಒತ್ತಿ ಫೋಲ್ಡರ್ ತೋರಿಸಿ. ವಿಎಂಡಿ ಎಂದಿರುವ ಸಾಲನ್ನು ಆರಿಸಿ ಮುಂದುವರಿದರೆ ಡಿಸ್ಕ್ ಪಟ್ಟಿಯಲ್ಲಿ ಕಾಣಿಸುತ್ತದೆ.

ಎರಡನೆಯದು, ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡುವುದು. ಒಂದೇ ಎಸ್‌ಎಸ್‌ಡಿ ಇರುವ ಮನೆಯ ಲ್ಯಾಪ್‌ಟಾಪ್‌ಗೆ ಇದರಿಂದ ನಷ್ಟವಿಲ್ಲ. ಆದರೆ ಕೆಲವು ಮಾಡೆಲ್‌ಗಳ ಬಯೋಸ್‌ನಲ್ಲಿ ಈ ಆಯ್ಕೆಯೇ ಇರುವುದಿಲ್ಲ. ಜೊತೆಗೆ, ಹಳೆಯ ವಿಂಡೋಸ್ ಉಳಿಸಿಕೊಳ್ಳಬೇಕೆಂದಿದ್ದರೆ ಇದನ್ನು ಮುಟ್ಟಬೇಡಿ, ಬದಲಿಸಿದ ಮೇಲೆ ಅದು ತೆರೆಯುವುದಿಲ್ಲ.

‘ಲೋಡ್ ಡ್ರೈವರ್’ ಒತ್ತಿದಾಗ ಪಟ್ಟಿ ಖಾಲಿ ಬಂದರೆ ಕೆಳಗೆ ‘ಹೊಂದದ ಡ್ರೈವರ್‌ಗಳನ್ನು ಮರೆಮಾಡು’ ಎಂಬರ್ಥದ ಟಿಕ್ ಕಾಣುತ್ತದೆ. ಅದನ್ನು ತೆಗೆದು ಸಿಕ್ಕಿದ್ದನ್ನು ಒತ್ತಬೇಡಿ. ಪಟ್ಟಿ ಖಾಲಿ ಎಂದರೆ ನೀವು ತಂದದ್ದು ಬೇರೆ ತಲೆಮಾರಿನ ಡ್ರೈವರ್, ಇಲ್ಲವೇ 64 ಬಿಟ್ ಬೇಕಿದ್ದಲ್ಲಿ 32 ಬಿಟ್ ತಂದಿದ್ದೀರಿ.

ಇನ್ನು ಡಿಸ್ಕ್ ಕಂಡೂ ‘ಇದು ಎಂಬಿಆರ್ ಡಿಸ್ಕ್, ಜಿಪಿಟಿ ಬೇಕು’ ಎಂದರೆ ಅದು ಡ್ರೈವರ್ ದೋಷವಲ್ಲ. ಯುಇಎಫ್‌ಐ ಮೋಡ್‌ನಲ್ಲಿ ಎದ್ದ ಇನ್‌ಸ್ಟಾಲರ್ ಜಿಪಿಟಿ ರೀತಿಯಲ್ಲಿ ಭಾಗವಾದ ಡಿಸ್ಕನ್ನೇ ಕೇಳುತ್ತದೆ. ಡಿಸ್ಕ್‌ನಲ್ಲಿ ಉಳಿಸಿಕೊಳ್ಳಬೇಕಾದದ್ದು ಏನೂ ಇಲ್ಲವಾದರೆ ಅದರ ಎಲ್ಲ ಪಾರ್ಟಿಶನ್‌ಗಳನ್ನೂ ಡಿಲೀಟ್ ಮಾಡಿ, ಉಳಿಯುವ ಖಾಲಿ ಜಾಗವನ್ನು ಆರಿಸಿ ‘ನೆಕ್ಸ್ಟ್’ ಒತ್ತಿ. ಇನ್‌ಸ್ಟಾಲರ್ ತಾನೇ ಜಿಪಿಟಿಗೆ ಬದಲಿಸಿಕೊಳ್ಳುತ್ತದೆ. ಡಿ, ಇ ಡ್ರೈವ್‌ಗಳಲ್ಲಿ ಫೋಟೊ, ಲೆಕ್ಕಪತ್ರ ಇದ್ದರೆ ಹೀಗೆ ಮಾಡುವಂತಿಲ್ಲ, ಮೊದಲು ಅವನ್ನು ಬೇರೆ ಡಿಸ್ಕ್‌ಗೆ ತೆಗೆಯಬೇಕು.

ಹಂತ 4: ಅರ್ಧದಲ್ಲಿ ನಿಂತರೆ

ಫೈಲುಗಳು ಕಾಪಿಯಾಗುತ್ತಿರುವಾಗ ‘ಬೇಕಾದ ಫೈಲ್ ಹಾಳಾಗಿದೆ ಅಥವಾ ಇಲ್ಲ’ ಎಂದು 80070570 ಎಂಬ ದೋಷಸಂಖ್ಯೆ ಬಂದರೆ ಅನುಮಾನ ಪಡಬೇಕಾದ್ದು ಈ ಕ್ರಮದಲ್ಲಿ: ಪೆನ್‌ಡ್ರೈವ್ ಇಲ್ಲವೇ ಐಎಸ್‌ಒ, ಆಮೇಲೆ ರ‍್ಯಾಮ್, ಆಮೇಲೆ ಎಸ್‌ಎಸ್‌ಡಿ. ಬೇರೆ ಪೆನ್‌ಡ್ರೈವ್‌ನಿಂದಲೂ ಅದೇ ದೋಷ ಬಂದರೆ, ಎರಡು ರ‍್ಯಾಮ್ ಇರುವ ಯಂತ್ರದಲ್ಲಿ ಒಂದನ್ನು ತೆಗೆದು, ಮತ್ತೆ ಅದನ್ನು ಹಾಕಿ ಇನ್ನೊಂದನ್ನು ತೆಗೆದು ನೋಡಿ. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತಿದ್ದರೆ ರ‍್ಯಾಮ್ ಮೇಲೆ ಹೆಚ್ಚು ಗುಮಾನಿ ಇರಲಿ. ರ‍್ಯಾಮ್ ಮುಟ್ಟುವ ಮೊದಲು ಚಾರ್ಜರ್ ಕಿತ್ತು ಪೂರ್ತಿ ಆಫ್ ಮಾಡಿರಬೇಕು.

‘ಈ ಪಿಸಿಯಲ್ಲಿ ವಿಂಡೋಸ್ 11 ಓಡದು’ ಎಂದರೆ ಅದಕ್ಕೂ ಡ್ರೈವರ್‌ಗೂ ಸಂಬಂಧವಿಲ್ಲ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಮತ್ತು ತನ್ನ ಪಟ್ಟಿಯಲ್ಲಿರುವ ಪ್ರೊಸೆಸರ್ ಕೇಳುತ್ತದೆ. ಟಿಪಿಎಂ ಎಷ್ಟೋ ಯಂತ್ರಗಳಲ್ಲಿ ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್ ಯಂತ್ರದಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಹುಡುಕಿ ಆನ್ ಮಾಡಿ.

ಹಂತ 5: ವಿಂಡೋಸ್ ಬಂತು, ವೈ-ಫೈ ಇಲ್ಲ

ವಿಂಡೋಸ್ 11 ಸ್ಥಾಪನೆಯ ಕೊನೆಯಲ್ಲಿ ಇಂಟರ್‌ನೆಟ್ ಕೇಳುತ್ತದೆ. ವೈ-ಫೈ ಡ್ರೈವರ್ ಇಲ್ಲದ ಯಂತ್ರ ಅಲ್ಲೇ ನಿಲ್ಲುತ್ತದೆ. ಡ್ರೈವರ್ ತರಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಇಲ್ಲಿ ಕೈಹಿಡಿಯುವುದು ನಿಮ್ಮ ಆ್ಯಂಡ್ರಾಯ್ಡ್ ಫೋನ್. ಅದನ್ನು ಡೇಟಾ ಕೇಬಲ್‌ನಲ್ಲಿ ಜೋಡಿಸಿ, ಫೋನ್‌ನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುವುದರಿಂದ ಫೋನ್ ಒಂದು ನೆಟ್‌ವರ್ಕ್ ಕಾರ್ಡ್‌ನಂತೆ ಕಾಣುತ್ತದೆ. ಫೋನ್ ಮನೆಯ ವೈ-ಫೈಗೆ ಸೇರಿದ್ದರೆ ಮೊಬೈಲ್ ಡೇಟಾ ಕೂಡ ಖರ್ಚಾಗದು. ಬರೀ ಚಾರ್ಜಿಂಗ್‌ಗಷ್ಟೇ ಇರುವ ಕೇಬಲ್‌ನಲ್ಲಿ ಇದು ನಡೆಯದು. ರೌಟರ್‌ನಿಂದ ನೇರವಾಗಿ ಲ್ಯಾನ್ ಕೇಬಲ್ ಎಳೆಯುವುದೂ ಒಂದು ದಾರಿ.

ಡೆಸ್ಕ್‌ಟಾಪ್ ಬಂದ ಮೇಲೆ ಈ ಕ್ರಮ ಅನುಸರಿಸಿ.

1. ವಿಂಡೋಸ್ ಅಪ್‌ಡೇಟ್ ಓಡಿಸಿ, ಮತ್ತೇನೂ ಬರದಿರುವವರೆಗೆ ರೀಸ್ಟಾರ್ಟ್ ಮಾಡುತ್ತಿರಿ. ಬಹುಪಾಲು ಡ್ರೈವರ್‌ಗಳು ಇಲ್ಲಿಂದಲೇ ಬರುತ್ತವೆ. ಆಮೇಲೆ ‘ಅಡ್ವಾನ್ಸ್ಡ್ ಆಪ್ಶನ್ಸ್’ ಒಳಗಿನ ‘ಆಪ್ಶನಲ್ ಅಪ್‌ಡೇಟ್ಸ್’ ತೆರೆದು ನೋಡಿ, ಕೆಲವು ಅಲ್ಲಿ ಕಾದು ಕೂತಿರುತ್ತವೆ.
2. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಹಳದಿ ಗುರುತು ಇರುವವಷ್ಟೇ ನಿಮ್ಮ ಕೆಲಸ.
3. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಅಪ್‌ಡೇಟ್ ಡ್ರೈವರ್’, ‘ಬ್ರೌಸ್ ಮೈ ಕಂಪ್ಯೂಟರ್’ ಆರಿಸಿ, ಮೊದಲೇ ನಕಲು ಮಾಡಿಟ್ಟ ಫೈಲ್‌ರೆಪಾಸಿಟರಿ ಫೋಲ್ಡರ್ ತೋರಿಸಿ. ‘ಸಬ್‌ಫೋಲ್ಡರ್‌ಗಳನ್ನೂ ಸೇರಿಸು’ ಎಂಬ ಟಿಕ್ ಇರಲಿ. ಹೊಂದುವ ಡ್ರೈವರನ್ನು ವಿಂಡೋಸೇ ಹೆಕ್ಕಿಕೊಳ್ಳುತ್ತದೆ. ಫಾರ್ಮ್ಯಾಟ್ ಮಾಡದೆ ಅದೇ ಪಾರ್ಟಿಶನ್‌ಗೆ ಹಾಕಿದ್ದರೆ ಸಿ ಡ್ರೈವ್‌ನಲ್ಲಿ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರ್ ಇರುತ್ತದೆ. ಹಳೆಯ ಡ್ರೈವರ್‌ಗಳು ಅದರೊಳಗೂ ಸಿಗುತ್ತವೆ.
4. ಉಳಿದವನ್ನು ತಯಾರಕರ ತಾಣದಿಂದ ಹಾಕುವಾಗ ಚಿಪ್‌ಸೆಟ್ ಮೊದಲು, ಆಮೇಲೆ ಗ್ರಾಫಿಕ್ಸ್, ಆಮೇಲೆ ಆಡಿಯೊ, ಬ್ಲೂಟೂತ್, ಟಚ್‌ಪ್ಯಾಡ್. ಉಳಿದ ಭಾಗಗಳು ಕೂಡಿಕೊಳ್ಳುವುದು ಚಿಪ್‌ಸೆಟ್‌ಗೆ, ಅದಕ್ಕೇ ಈ ಕ್ರಮ.

ಹಳದಿ ಗುರುತಿನ ಹೆಸರುಗಳು ಕೆಲವೊಮ್ಮೆ ದಾರಿ ತಪ್ಪಿಸುತ್ತವೆ. ‘ಎಸ್‌ಎಂ ಬಸ್ ಕಂಟ್ರೋಲರ್’ ಎಂದಿದ್ದರೆ ಬೇಕಾದ್ದು ಚಿಪ್‌ಸೆಟ್ ಡ್ರೈವರ್. ಇಂಟೆಲ್ ಯಂತ್ರದಲ್ಲಿ ‘ಪಿಸಿಐ ಸಿಂಪಲ್ ಕಮ್ಯುನಿಕೇಶನ್ಸ್ ಕಂಟ್ರೋಲರ್’ ಎಂದರೆ ಸಾಮಾನ್ಯವಾಗಿ ಮ್ಯಾನೇಜ್‌ಮೆಂಟ್ ಎಂಜಿನ್. ‘ಬೇಸ್ ಸಿಸ್ಟಂ ಡಿವೈಸ್’ ಹೆಚ್ಚಾಗಿ ಮೆಮೊರಿ ಕಾರ್ಡ್ ರೀಡರ್. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದು ತೋರಿಸಿದರೆ ಗ್ರಾಫಿಕ್ಸ್ ಡ್ರೈವರ್ ಇನ್ನೂ ಕೂತಿಲ್ಲ ಎಂದರ್ಥ, ಅಕ್ಷರಗಳು ದಪ್ಪಗೆ ಮಸುಕಾಗಿ ಕಾಣುವುದೂ ಅದಕ್ಕೇ.

ಹೆಸರೇ ಇಲ್ಲದೆ ‘ಅನ್‌ನೋನ್ ಡಿವೈಸ್’ ಎಂದಿದ್ದರೆ ಪ್ರಾಪರ್ಟೀಸ್, ಡೀಟೇಲ್ಸ್, ‘ಹಾರ್ಡ್‌ವೇರ್ ಐಡಿಸ್’ ನೋಡಿ. ಅಲ್ಲಿ ‘ವೆನ್’ ಎಂಬುದರ ಮುಂದಿನ ನಾಲ್ಕು ಅಕ್ಷರಗಳು ತಯಾರಕರ ಗುರುತು: 8086 ಎಂದರೆ ಇಂಟೆಲ್, 10ಇಸಿ ರಿಯಲ್‌ಟೆಕ್, 10ಡಿಇ ಎನ್‌ವಿಡಿಯಾ, 1002 ಎಎಂಡಿ. ‘ಡೆವ್’ ಮುಂದಿನದು ಆ ಭಾಗದ ಸಂಖ್ಯೆ. ಈ ಎರಡನ್ನೂ ಸೇರಿಸಿ ಹುಡುಕಿದರೆ ಯಾವ ಭಾಗವೆಂದು ತಿಳಿಯುತ್ತದೆ. ಪ್ರಾಪರ್ಟೀಸ್‌ನಲ್ಲಿ ಕೋಡ್ 28 ಎಂದರೆ ಡ್ರೈವರ್ ಇಲ್ಲ, ಹುಡುಕಿ ಹಾಕಿದರಾಯಿತು. ಕೋಡ್ 10 ಅಥವಾ 43 ಎಂದರೆ ಡ್ರೈವರ್ ಇದ್ದೂ ಸಾಧನ ಓಡುತ್ತಿಲ್ಲ. ಡ್ರೈವರ್ ಬದಲಿಸಿದರೂ ಅದೇ ಬಂದರೆ ಆ ಭಾಗವೇ ಕೆಟ್ಟಿರಬಹುದು.

ವಿಂಡೋಸ್ 7 ಬಿಡಲಾಗದವರಿಗೆ

ಹಳೆಯ ಪ್ರಿಂಟಿಂಗ್ ಪ್ರೆಸ್ ತಂತ್ರಾಂಶವೋ ಪ್ರಯೋಗಾಲಯದ ಉಪಕರಣವೋ ವಿಂಡೋಸ್ 7ನ್ನೇ ಕೇಳುವ ಜಾಗಗಳು ಈಗಲೂ ಇವೆ. ಇಂಟೆಲ್ 6ನೇ ತಲೆಮಾರಿನಿಂದೀಚಿನ ಯಂತ್ರಕ್ಕೆ ಅದರ ಮೂಲ ಡಿಸ್ಕ್ ಹಾಕಿದರೆ ಮೀಡಿಯಾ ಡ್ರೈವರ್ ಸಂದೇಶ ಬರುವುದಷ್ಟೇ ಅಲ್ಲ, ಯುಎಸ್‌ಬಿ ಕೀಬೋರ್ಡ್, ಮೌಸ್ ಕೂಡ ಸತ್ತಂತಾಗುತ್ತವೆ. ಆ ಚಿಪ್‌ಸೆಟ್‌ಗಳಲ್ಲಿ ಹಳೆಯ ಯುಎಸ್‌ಬಿ ನಿಯಂತ್ರಕವನ್ನು ತೆಗೆದುಹಾಕಿದ್ದಾರೆ, ಉಳಿದ ಹೊಸದು ವಿಂಡೋಸ್ 7ಕ್ಕೆ ಗೊತ್ತಿಲ್ಲ. ಯುಎಸ್‌ಬಿ 3 ಡ್ರೈವರನ್ನು ಇನ್‌ಸ್ಟಾಲರ್ ಒಳಗೇ ಸೇರಿಸಿ ಹೊಸ ಪೆನ್‌ಡ್ರೈವ್ ಮಾಡಬೇಕು. ಕೆಲವು ಮದರ್‌ಬೋರ್ಡ್ ತಯಾರಕರು ಇದಕ್ಕೆಂದೇ ಸಣ್ಣ ತಂತ್ರಾಂಶ ಕೊಟ್ಟಿದ್ದಾರೆ. ವಿಂಡೋಸ್ 7ಕ್ಕೆ ಭದ್ರತಾ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 7 ಇರುವ ಯಂತ್ರವನ್ನು ಇಂಟರ್‌ನೆಟ್‌ನಿಂದ ದೂರವಿಟ್ಟು, ಆ ಒಂದು ಕೆಲಸಕ್ಕೆ ಮಾತ್ರ ಬಳಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಮೊದಲ ರೀಸ್ಟಾರ್ಟ್ ನಂತರ ಮತ್ತೆ ಪೆನ್‌ಡ್ರೈವ್‌ನಿಂದ ಏಳುವುದು. ಸ್ಥಾಪನೆ ಮೊದಲಿನಿಂದ ಶುರುವಾಗಿ ಸುತ್ತು ಹೊಡೆಯುತ್ತದೆ. ಈ ಸಲ ಕೀ ಒತ್ತಬೇಡಿ, ಬೇಕಾದರೆ ಪರದೆ ಕಪ್ಪಾದಾಗ ಪೆನ್‌ಡ್ರೈವ್ ಕೀಳಿ.
- ಎರಡು ಡಿಸ್ಕ್ ಇರುವಾಗ ಎರಡನ್ನೂ ಜೋಡಿಸಿಯೇ ಹಾಕುವುದು. ವಿಂಡೋಸ್ ಒಂದರಲ್ಲಿ, ಅದನ್ನು ಎಬ್ಬಿಸುವ ಬೂಟ್ ಫೈಲ್ ಇನ್ನೊಂದರಲ್ಲಿ ಕೂರಬಹುದು. ಮುಂದೆ ಎರಡನೆಯದನ್ನು ತೆಗೆದ ದಿನ ಯಂತ್ರ ಏಳದು. ಸ್ಥಾಪನೆ ಮುಗಿಯುವವರೆಗೆ ಬೇಡದ ಡಿಸ್ಕನ್ನು ಕಳಚಿಡಿ.
- ಸಿ, ಡಿ ಎಂಬ ಅಕ್ಷರ ನಂಬಿ ಪಾರ್ಟಿಶನ್ ಅಳಿಸುವುದು. ಇನ್‌ಸ್ಟಾಲರ್‌ನಲ್ಲಿ ಆ ಅಕ್ಷರಗಳು ಇರುವುದಿಲ್ಲ, ಇಲ್ಲವೇ ಬದಲಾಗಿರುತ್ತವೆ. ಗಾತ್ರ ನೋಡಿ ಗುರುತಿಸಿ. ಮೊದಲೇ ಪ್ರತಿ ಡ್ರೈವ್‌ನ ಗಾತ್ರ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.
- ‘ಡ್ರೈವರ್ ಅಪ್‌ಡೇಟರ್’ ತಂತ್ರಾಂಶ ಹಾಕುವುದು. ಹಣ ಕೇಳುವ, ಜಾಹೀರಾತು ತುರುಕುವ, ಹೊಂದದ ಡ್ರೈವರ್ ಹಾಕುವ ಇಂಥವು ಹಲವಿವೆ. ವಿಂಡೋಸ್ ಅಪ್‌ಡೇಟ್ ಮತ್ತು ತಯಾರಕರ ತಾಣ ಎರಡೇ ಸಾಕು.
- ಬ್ಯಾಟರಿಯಲ್ಲಿ ನಡೆಸುವುದು. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿಯೇ ಇರಲಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಕರೆಂಟ್ ಹೋಗುವ ಹೊತ್ತನ್ನು ತಪ್ಪಿಸಿ ಶುರುಮಾಡಿ.
- ಒಂದೇ ಸಲಕ್ಕೆ ನಾಲ್ಕು ಸೆಟ್ಟಿಂಗ್ ಬದಲಿಸುವುದು. ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂಬುದೇ ತಿಳಿಯದು. ಒಂದನ್ನು ಬದಲಿಸಿ, ನೋಡಿ, ಬರೆದಿಟ್ಟು, ಆಮೇಲೆ ಮುಂದಿನದಕ್ಕೆ ಹೋಗಿ.

ಅಂಗಡಿಗೆ ಒಯ್ಯಬೇಕಾದಾಗ

ಬಯೋಸ್‌ನಲ್ಲೇ ಡಿಸ್ಕ್ ಕಾಣದಿದ್ದರೆ, ಹಾರ್ಡ್ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ, ಬೇರೆ ಪೆನ್‌ಡ್ರೈವ್ ಮತ್ತು ಬೇರೆ ರ‍್ಯಾಮ್‌ನಲ್ಲೂ ಅದೇ ದೋಷ ಬರುತ್ತಿದ್ದರೆ ಮನೆಯ ಪ್ರಯೋಗ ನಿಲ್ಲಿಸಿ. ಸದ್ದು ಮಾಡುವ ಡಿಸ್ಕ್‌ನಲ್ಲಿ ಬೇಕಾದ ದಾಖಲೆಗಳಿದ್ದರೆ ಅದನ್ನು ಮತ್ತೆ ಮತ್ತೆ ಆನ್ ಮಾಡುವುದೂ ಅಪಾಯ. ಅಂಗಡಿಯವರಿಗೆ ‘ವಿಂಡೋಸ್ ಹಾಕಿಕೊಡಿ’ ಎಂದಷ್ಟೇ ಹೇಳಬೇಡಿ. ಯಾವ ಹಂತದಲ್ಲಿ, ಯಾವ ಸಂದೇಶ ಬಂದು ನಿಂತಿತು ಎಂಬುದರ ಫೋಟೊ ತೋರಿಸಿ. ಡಿ ಡ್ರೈವ್ ಅಳಿಸಬಾರದು ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ.

ಎಲ್ಲ ಸರಿಹೋದ ಮೇಲೆ ಇನ್ನೊಂದು ಕೆಲಸ ಬಾಕಿ ಇದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಒಂದೂ ಇಲ್ಲದ ಆ ದಿನವೇ ಫೈಲ್‌ರೆಪಾಸಿಟರಿ ಫೋಲ್ಡರನ್ನೂ ಬಿಡಿಸಿಟ್ಟ ಸ್ಟೋರೇಜ್ ಡ್ರೈವರನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ, ಮೇಲೆ ಯಂತ್ರದ ಮಾಡೆಲ್ ಮತ್ತು ತಿಂಗಳು ಬರೆದು ತೆಗೆದಿಡಿ. ಇನ್‌ಸ್ಟಾಲರನ್ನು ಕಾಪಾಡಿಕೊಳ್ಳುವ ಅಗತ್ಯವಿಲ್ಲ. ಅದು ಬೇಕಾದಾಗ ಹೊಸದಾಗಿಯೇ ಸಿಗುತ್ತದೆ, ಹೊಸದಾಗಿದ್ದಷ್ಟೂ ಒಳ್ಳೆಯದು. ನಿಮ್ಮ ಮಾಡೆಲ್ ಹಳತಾಗಿ ತಯಾರಕರ ತಾಣದಿಂದ ಡ್ರೈವರ್ ಪುಟವೇ ಕಾಣೆಯಾದ ಮೇಲೆ ಸಿಗದಿರುವುದು ಡ್ರೈವರ್‌ಗಳು, ಕಾಪಿಡಬೇಕಾದ್ದು ಅವನ್ನೇ.